ಕಲ್ಯಾಣದ ಬಯಲು, ಕಲ್ಯಾಣದ ಓಣಿ

ಬಸವಕಲ್ಯಾಣದಲ್ಲಿ ಜನ ಸೇರುವ ಜಾಗದ ಚರಿತ್ರೆ ಅನುಭವ ಮಂಟಪದಿಂದಲೇ ಶುರುವಾಗುತ್ತದೆ ಎಂದು ನಾವು ಬಗೆಯುತ್ತೇವೆ. ಅದಕ್ಕೂ ಒಂದು ತಲೆಮಾರು ಹಿಂದೆ ಇದೇ ಊರಿನಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಸುಮಾರು 1129ರಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಇಪ್ಪತ್ತು ವಿನೋದಗಳನ್ನು ವಿವರಿಸಿದ್ದಾನೆ. ಆನೆಗಳ ಓಟ, ಕುದುರೆಯೇರಿ ಆಡುವ ಚೆಂಡಾಟ, ಅಂಕದ ಕಾಳಗ, ಮಲ್ಲರ ಕುಸ್ತಿ, ಟಗರು, ಕೋಣ, ಹುಂಜಗಳ ಕಾದಾಟ, ಇವುಗಳ ಸಾಲಿನಲ್ಲೇ ಗೀತ, ವಾದ್ಯ, ನೃತ್ಯ, ಕಥೆ. ಇಂದು ಬಹೂಪಯೋಗಿ ಕ್ರೀಡಾಂಗಣದಲ್ಲಿ ನಡೆಯುವ ಎಲ್ಲವೂ ಅಲ್ಲಿವೆ. ಚೆಂಡಾಟದ ಬಯಲನ್ನು ಹೇಗೆ ಸಮ ಮಾಡಬೇಕು, ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಹೇಗೆ ವಿಂಗಡಿಸಬೇಕು, ಅವರಿಗೆ ಏನು ಉಣಿಸಬೇಕು ಎಂಬುದನ್ನೂ ಅರಸ ಬಿಟ್ಟಿಲ್ಲ. ಶಾಸ್ತ್ರಗ್ರಂಥವೊಂದು ‘ಹೀಗಿರಬೇಕು’ ಎಂದದ್ದನ್ನು ‘ಹೀಗಿತ್ತು’ ಎಂದು ಓದಬಾರದು ಎಂಬ ಆಕ್ಷೇಪ ಸರಿಯಾದದ್ದೇ. ಆದರೂ ಮಲ್ಲರ ಊಟದ ತನಕ ಇಳಿಯುವ ಈ ವಿವರ ಬರಿಯ ಕಲ್ಪನೆಯಿಂದ ಹುಟ್ಟುವುದು ಕಷ್ಟ. ಅದರ ಹಿಂದೆ ಕಣ್ಣಾರೆ ಕಂಡ ಬಯಲೊಂದು ಇದ್ದಿರಲೇಬೇಕು.

ಆ ಬಯಲು ಇಂದು ಎಲ್ಲಿದೆ? ಕೋಟೆ ಉಳಿದಿದೆ, ಬಹಮನಿಗಳು, ಆದಿಲಶಾಹಿಗಳು, 1657ರಲ್ಲಿ ಮುತ್ತಿ ಗೆದ್ದ ಔರಂಗಜೇಬ, ಆಮೇಲೆ ನಿಜಾಮನ ಕೈಕೆಳಗಿನ ನವಾಬರು ಅದನ್ನು ತಮತಮಗೆ ಬೇಕಾದಂತೆ ಬದಲಿಸಿಕೊಂಡರು. ವಿನೋದದ ಬಯಲನ್ನು ಮಾತ್ರ ಊರ ಜನ ನೆನಪಿನಲ್ಲೂ ಉಳಿಸಿಕೊಳ್ಳಲಿಲ್ಲ. ಇದಕ್ಕೆ ಕಾಲ, ಯುದ್ಧಗಳಷ್ಟೇ ಕಾರಣವಲ್ಲ ಎಂಬುದು ನನ್ನ ವಾದ. ಆ ಆಟಗಳೆಲ್ಲ ಒಬ್ಬನ ಕಣ್ಣಿಗಾಗಿ ನಡೆದವು. ಅರಸ ನೋಡಬೇಕು, ಅರಸ ಮೆಚ್ಚಬೇಕು, ಅರಸ ಕೊಡಬೇಕು. ಸಿಂಹಾಸನ ಉರುಳಿದ ದಿನ ಅವುಗಳಿಗೆ ವಾರಸುದಾರರೇ ಇರಲಿಲ್ಲ.

ಅನುಭವ ಮಂಟಪದ ಕಥೆ ಇದಕ್ಕೆ ಎದುರು. ಅಂಥದೊಂದು ಕಟ್ಟಡ ಇತ್ತೆಂಬುದಕ್ಕೆ ಸಮಕಾಲೀನ ಶಾಸನದ ಆಧಾರವಿಲ್ಲ, ಅದರ ವಿಸ್ತಾರವಾದ ಚಿತ್ರ ಸಿಗುವುದು ಹದಿನೈದನೆಯ ಶತಮಾನದ ‘ಶೂನ್ಯಸಂಪಾದನೆ’ಯಲ್ಲಿ ಎಂದು ವಿದ್ವಾಂಸರು ಹೇಳುತ್ತಾರೆ. ಒಪ್ಪೋಣ. ಆದರೆ ಕಟ್ಟಡವೇ ಇರದಿದ್ದರೂ ಸಭೆ ಉಳಿದು ಬಂದದ್ದು ಹೇಗೆ ಎಂದು ಕೇಳಿದಾಗ ಆ ಆಕ್ಷೇಪವೇ ನನ್ನ ವಾದಕ್ಕೆ ಬಲವಾಗುತ್ತದೆ. ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಕೇತಯ್ಯ, ಚಮ್ಮಾರ ಹರಳಯ್ಯ: ಮಾತಾಡಿದವರು ಓಣಿಯ ದುಡಿಮೆಗಾರರು. ಮಾತು ಮುಗಿಸಿ ಅವರು ಹಿಂತಿರುಗಿದ್ದು ಅದೇ ಕಾಯಕಕ್ಕೆ. ಹರಳಯ್ಯ ಹಾಗೂ ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆಗಾಗಿ ತಂದೆಯರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರೆಂದು ಶರಣ ಪರಂಪರೆ ಹೇಳುತ್ತದೆ. ಅರಸರ ವಿನೋದಕ್ಕೆ ಪಳಗಿದ್ದ ಆನೆ ಈಗ ಊರ ಬೀದಿಯಲ್ಲೇ ಶಿಕ್ಷೆಯ ನೋಟವಾಯಿತು. ಶರಣರು ಚದುರಿದರು. ಆದರೂ ಅವರ ಗವಿಗಳು, ಪರುಷಕಟ್ಟೆ ಇಂದಿಗೂ ಊರಿನವರ ಬಾಯಲ್ಲಿ ಹೆಸರಾಗಿವೆ.

ಅರಸನದು ಅಳಿಯುತ್ತದೆ, ಜನರದು ಉಳಿಯುತ್ತದೆ ಎಂಬ ಇದೇ ನಿಯಮ ಪಕ್ಕದ ಹುಮನಾಬಾದಿನಲ್ಲಿ ಇನ್ನೊಂದು ಬಗೆಯಲ್ಲಿ ಕೆಲಸ ಮಾಡಿದೆ. ವೀರಭದ್ರೇಶ್ವರನ ಜಾತ್ರೆಗೆ ತೇರು ಎಳೆಯುವ ಮೈದಾನ ಉಳಿದ ದಿನಗಳಲ್ಲಿ ಸಭೆ, ಸಮಾರಂಭಗಳಿಗೆ ಒದಗುತ್ತದೆ. ಊರಿಗೆ ಅಂಟಿಕೊಂಡ ಮಾಣಿಕನಗರದಲ್ಲಿ, ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳು ಸಕಲಮತ ಪಂಥವನ್ನು ನೆಲೆಗೊಳಿಸಿದರು. ದತ್ತ ಜಯಂತಿಯ ದರ್ಬಾರಿನಲ್ಲಿ ಗಾಯಕರು ಹಾಡುತ್ತಾರೆ. ಹಿಂದೂ, ಮುಸ್ಲಿಂ ಭಕ್ತರು ಕೂಡಿ ಕೇಳುತ್ತಾರೆ. ಹೆಸರು ದರ್ಬಾರಾದರೂ ಬಾಗಿಲು ಎಲ್ಲರಿಗೂ ತೆರೆದಿದೆ. 1865ರಲ್ಲಿ ಪ್ರಭುಗಳು ಸಮಾಧಿಸ್ಥರಾದ ಮೇಲೂ ಅದು ನಿಲ್ಲದಿರುವುದು ಅದರಿಂದಲೇ.

ಈಗ ಬಸವಕಲ್ಯಾಣಕ್ಕೆ ಹೊಸ ಅನುಭವ ಮಂಟಪ. 2021ರ ಜನವರಿ 6ರಂದು ಅಡಿಗಲ್ಲು ಬಿದ್ದಾಗ ಅಂದಾಜು ವೆಚ್ಚ 500 ಕೋಟಿ ರೂಪಾಯಿ. ಏಳೂವರೆ ಎಕರೆ, ಆರು ಅಂತಸ್ತು, 770 ಶರಣರ ನೆನಪಿಗೆ 770 ಕಂಬ. ಬಯಲು ರಂಗಮಂದಿರ, ಗ್ರಂಥಾಲಯ, ಸಂಶೋಧನಾ ಕೇಂದ್ರ, ಯೋಗ ಕೇಂದ್ರ ಎಲ್ಲವೂ ಯೋಜನೆಯಲ್ಲಿವೆ. ಸ್ಥಾವರಕ್ಕಳಿವುಂಟೆಂದ ಬಸವಣ್ಣನಿಗೆ ಇಷ್ಟು ದೊಡ್ಡ ಸ್ಥಾವರವೇ ಎಂದು ಕೆಲವರು ಕೇಳುತ್ತಾರೆ. ಕಟ್ಟಬಾರದೆಂದು ನಾನು ಹೇಳಲಾರೆ. ಬರಗಾಲ, ಗುಳೆಗಳ ಸೀಮೆಗೆ ಒಂದು ಒಳ್ಳೆಯ ಸಭಾಂಗಣ ಬೇಡವೆನ್ನುವುದು ದೂರದಲ್ಲಿ ಕೂತವರ ಮಾತು. ಅಂಗಣಕ್ಕೂ ಓಣಿಗೂ ನಂಟು ಇರುತ್ತದೆಯೇ ಎಂಬುದೇ ನನಗೆ ಮುಖ್ಯ. ಊರಿನ ಬಳಿ ಹೈದರಾಬಾದ್–ಪುಣೆ ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್, ವೆಲ್ಡರ್, ಟಯರ್ ಅಂಗಡಿಯ ಹುಡುಗರೇ ಈ ಹೊತ್ತಿನ ಕಾಯಕಜೀವಿಗಳು.

ಮಂಟಪದ ಅಂಗಣವನ್ನು ಇವರ ಆಟ, ಹಾಡುಗಳಿಗೂ ತೆರೆಯಬೇಕೆಂದರೆ, ಪಾವಿತ್ರ್ಯ ಕೆಡುತ್ತದೆ, ಕುಸ್ತಿಗೂ ನಾಟಕಕ್ಕೂ ಅದು ಜಾಗವಲ್ಲ ಎಂಬ ಹಿಂಜರಿಕೆಯೂ ಕೇಳಿಬರಬಹುದು. ಕಾಯಕವನ್ನೇ ಕೈಲಾಸವೆಂದ ಸಭೆಯಲ್ಲಿ ಬೆವರು ಮೈಲಿಗೆಯಾದೀತೇ? ಪ್ರಾರ್ಥನೆಯ ಭಾಗ ಪ್ರಾರ್ಥನೆಗೇ ಇರಲಿ. ಬಯಲು ರಂಗಮಂದಿರವನ್ನು ಊರಿನ ತಾಲೀಮುಗಳಿಗೆ, ಭಜನಾ ಮಂಡಳಿಗಳಿಗೆ, ಸರ್ಕಾರಿ ಶಾಲೆಗಳಿಗೆ ಬಾಡಿಗೆಯಿಲ್ಲದೆ ಬಿಡಬೇಕು. ಗ್ರಂಥಾಲಯ ವರ್ಕ್‌ಶಾಪುಗಳ ಬಾಗಿಲು ಹಾಕಿದ ಮೇಲೂ ರಾತ್ರಿ ಒಂಬತ್ತರವರೆಗೆ ತೆರೆದಿರಬೇಕು. 2017ರಲ್ಲಿ ಪೂರ್ಣಗೊಂಡ ಬೀದರ್–ಕಲಬುರಗಿ ರೈಲುಮಾರ್ಗದಲ್ಲಿ ಬಂದು ಹುಮನಾಬಾದಿನಲ್ಲಿ ಇಳಿಯುವವರಿಗೆ ಮಂಟಪದ ಬಾಗಿಲವರೆಗೆ ಬಸ್ಸು ಇರಬೇಕು. ಈ ಮೂರಕ್ಕೆ ಬೇಕಾದ ಹಣ 500 ಕೋಟಿಯ ಮುಂದೆ ಏನೇನೂ ಅಲ್ಲ, ಮತ್ತು ಇವನ್ನು ಕಟ್ಟಡ ಮುಗಿಯುವ ಮೊದಲೇ ನಿರ್ಧರಿಸಬೇಕು.