ಹಿರಿಯರ ವೈದ್ಯಕೀಯ ಆರೈಕೆ ಮತ್ತು ನೆರವು: ಜೈನ ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ನಮ್ಮ ಪರಂಪರೆ ಶ್ರಾವಕರ ಕರ್ತವ್ಯವೆಂದು ಹೇಳಿದೆ. ಸೇವಾರೂಪವಾದ ವೈಯಾವೃತ್ಯವು ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ಮುನಿಸಂಘದ ಸೇವೆಗೆ ಹೇಳಿದ ಈ ಮಾತು ಮನೆಯ ಹಿರಿಯರಿಗೂ ಸಲ್ಲುತ್ತದೆ. ಆದರೆ ಇಂದು ಅನೇಕ ಮನೆಗಳಲ್ಲಿ ಮಕ್ಕಳು ದೂರದ ಊರಿನಲ್ಲಿ ನೌಕರಿಯಲ್ಲಿದ್ದು, ವಯಸ್ಸಾದ ತಂದೆ-ತಾಯಿ ಊರಲ್ಲಿ ಇಬ್ಬರೇ ಇರುತ್ತಾರೆ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಅವರು ಯಾವ ಮಾತ್ರೆ ನುಂಗುತ್ತಾರೆ, ಯಾವ ನಿಯಮ ಪಾಲಿಸುತ್ತಾರೆ, ಯಾವ ಕಾರ್ಡು ಇದೆ ಎಂಬುದು ಓಡಿ ಬಂದವರಿಗೆ ತಿಳಿದಿರುವುದಿಲ್ಲ. ಇವನ್ನು ಆರೋಗ್ಯವಾಗಿರುವಾಗಲೇ ಕೂತು ಮಾತಾಡಿಟ್ಟುಕೊಂಡರೆ ನಿಯಮವೂ ಉಳಿಯುತ್ತದೆ, ಚಿಕಿತ್ಸೆಯೂ ತಪ್ಪುವುದಿಲ್ಲ.

ನಿಯಮವನ್ನು ವೈದ್ಯರಿಗೆ ಹೇಳಿ

ಸೂರ್ಯಾಸ್ತದ ನಂತರ ಊಟವಿಲ್ಲ ಎಂಬುದನ್ನು ಹೆಚ್ಚಿನ ಹಿರಿಯರು ವೈದ್ಯರಿಗೆ ಹೇಳುವುದಿಲ್ಲ. ವೈದ್ಯರು ‘ರಾತ್ರಿ ಊಟದ ನಂತರ’ ಎಂದು ಬರೆದ ಮಾತ್ರೆಯನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ. ರಾತ್ರಿ ನೀರನ್ನೂ ಮುಟ್ಟದವರಿಗೆ ಮಲಗುವಾಗ ನುಂಗುವ ಮಾತ್ರೆಯೂ ಹಾಗೆಯೇ ಉಳಿಯುತ್ತದೆ. ಮುಂದಿನ ಸಲ ರಕ್ತದೊತ್ತಡ ಇಳಿದಿಲ್ಲವೆಂದು ವೈದ್ಯರು ಡೋಸ್ ಹೆಚ್ಚಿಸುತ್ತಾರೆ. ಮೊದಲ ಭೇಟಿಯಲ್ಲೇ ನಿಯಮವನ್ನು ಹೇಳಿದರೆ ಅನೇಕ ಕಾಯಿಲೆಗಳಿಗೆ ದಿನಕ್ಕೆ ಒಂದೇ ಸಲ, ಬೆಳಿಗ್ಗೆ ತೆಗೆದುಕೊಳ್ಳುವ ಔಷಧ ಸಿಗುತ್ತದೆ. ಚಳಿಗಾಲದಲ್ಲಿ ಸುಮಾರು 6 ಗಂಟೆಗೇ ಸೂರ್ಯಾಸ್ತವಾಗುವುದರಿಂದ ಸಂಜೆಯ ಮಾತ್ರೆಯ ಸಮಯವನ್ನೂ ಕೇಳಿ ಬದಲಿಸಿಕೊಳ್ಳಬೇಕು.

ಉಪವಾಸ, ನೋಂಪಿ ಮತ್ತು ಸಕ್ಕರೆ ಕಾಯಿಲೆ

ದಶಲಕ್ಷಣ ಪರ್ವ, ಅಷ್ಟಾಹ್ನಿಕ, ಅನಂತನ ನೋಂಪಿ ಬಂದಾಗ ಮಧುಮೇಹ ಇರುವ ಹಿರಿಯರೂ ಉಪವಾಸಕ್ಕೆ ನಿಲ್ಲುತ್ತಾರೆ. ಇನ್ಸುಲಿನ್ ಹಾಗೂ ಗ್ಲಿಮಿಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆಗಳನ್ನು ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ನೀರು ಬಿಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಪರ್ವಕ್ಕೆ ಎರಡು ವಾರ ಮೊದಲೇ ವೈದ್ಯರನ್ನು ಕಂಡು ಆ ದಿನಗಳ ಡೋಸ್ ಬರೆಸಿಕೊಳ್ಳಿ. ಗ್ಲುಕೋಮೀಟರ್ ಮನೆಯಲ್ಲಿರಲಿ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಬೆವರು, ನಡುಕ, ಮಾತು ತೊದಲುವಿಕೆ ಕಂಡರೆ ಕೂಡಲೇ ಸಕ್ಕರೆ ನೀರು ಕೊಡಬೇಕು. ಉಪವಾಸ ಬೇಡವೆಂದು ವೈದ್ಯರು ಹೇಳಿದರೆ ಏಕಭುಕ್ತ, ರಸತ್ಯಾಗ, ಸ್ವಾಧ್ಯಾಯ, ಜಪಗಳಲ್ಲಿ ಯಾವುದನ್ನು ನಡೆಸಬಹುದೆಂದು ಮುನಿಗಳನ್ನು, ಮಾತಾಜಿಯವರನ್ನು ಅಥವಾ ಭಟ್ಟಾರಕರನ್ನು ಕೇಳಿಕೊಳ್ಳಬಹುದು. ಮಕ್ಕಳು ಹೇಳಿದರೆ ಕೇಳದ ಅಜ್ಜಿ ಗುರುಗಳು ಹೇಳಿದರೆ ಕೇಳುತ್ತಾರೆ.

ಔಷಧದಲ್ಲಿ ಪ್ರಾಣಿಜನ್ಯ ಪದಾರ್ಥ

• ಕ್ಯಾಪ್ಸೂಲ್: ಹೊರ ಕವಚ ಸಾಮಾನ್ಯವಾಗಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್. ಮಾತ್ರೆಯ ರೂಪ ಅಥವಾ ಸಸ್ಯಮೂಲದ ಕವಚದ ಕ್ಯಾಪ್ಸೂಲ್ ಇದೆಯೇ ಎಂದು ಕೇಳಿ. ಕವಚ ಬಿಚ್ಚಿ ಒಳಗಿನ ಪುಡಿಯನ್ನು ಮಾತ್ರ ನುಂಗುವುದು ಬೇಡ. ಕೆಲವು ಔಷಧಗಳು ಹಾಗೆ ಕೆಲಸ ಮಾಡುವುದಿಲ್ಲ.
• ಸಿರಪ್, ಲೇಹ್ಯ: ಚ್ಯವನಪ್ರಾಶ ಮತ್ತು ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಜೇನು ಇರುತ್ತದೆ. ಮಧುತ್ಯಾಗ ಇರುವವರು ಲೇಬಲ್ ಓದಬೇಕು.
• ಇನ್ಸುಲಿನ್: ಹಿಂದೆ ಹಂದಿ, ದನದಿಂದ ತೆಗೆಯುತ್ತಿದ್ದರು. ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಯೀಸ್ಟ್ ಅಥವಾ ಬ್ಯಾಕ್ಟೀರಿಯಾದ ಮೂಲಕ ತಯಾರಾದದ್ದು. ಹಳೆಯ ಮಾತು ಕೇಳಿ ಇನ್ಸುಲಿನ್ ನಿರಾಕರಿಸಬೇಕಾಗಿಲ್ಲ.
• ಹೆಪಾರಿನ್: ರಕ್ತ ಹೆಪ್ಪುಗಟ್ಟದಂತೆ ಕೊಡುವ ಈ ಚುಚ್ಚುಮದ್ದು ಹಂದಿಯ ಕರುಳಿನಿಂದ ಬರುತ್ತದೆ. ಕೆಲವು ಸಂದರ್ಭಗಳಲ್ಲಿ ಫೊಂಡಾಪಾರಿನಕ್ಸ್ ಎಂಬ ಕೃತಕ ಔಷಧ ಸಾಧ್ಯ, ಎಲ್ಲ ಸಂದರ್ಭಗಳಲ್ಲಲ್ಲ.
• ಹೃದಯದ ಕವಾಟ: ಅಂಗಾಂಶದ ಕವಾಟ ದನ ಅಥವಾ ಹಂದಿಯದ್ದು, ಯಾಂತ್ರಿಕ ಕವಾಟ ಹಾಕಿದರೆ ರಕ್ತ ತೆಳುವಾಗಿಸುವ ಮಾತ್ರೆ ಜೀವನಪೂರ್ತಿ ಬೇಕು. ಶಸ್ತ್ರಚಿಕಿತ್ಸೆಯ ದಿನ ನಿಗದಿಯಾಗುವ ಮೊದಲೇ ಚರ್ಚಿಸಿ.

ಜೀವಾಪಾಯದ ತುರ್ತಿನಲ್ಲಿ ಇಂಥ ಔಷಧ ಕೊಡಬಹುದೇ ಎಂದು ಹಿರಿಯರನ್ನೇ ಈಗ ಕೇಳಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಕೇಳಲು ಸಮಯ ಇರುವುದಿಲ್ಲ.

ಆಸ್ಪತ್ರೆ ಖರ್ಚಿಗೆ ನೆರವು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು 70 ವರ್ಷ ದಾಟಿದ ಎಲ್ಲರಿಗೂ ಆದಾಯ ನೋಡದೆ 5 ಲಕ್ಷದ ರಕ್ಷೆ ನೀಡುವ ‘ಆಯುಷ್ಮಾನ್ ವಯ ವಂದನಾ’ ಕಾರ್ಡನ್ನು ಜಾರಿಗೆ ತಂದಿತು. ಯಾವುದೇ ಕಾರ್ಡು ಇರಲಿ, ದಾಖಲಾಗುವ ಮೊದಲು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ: ಈ ಆಸ್ಪತ್ರೆಯಲ್ಲಿ, ಈ ಚಿಕಿತ್ಸೆಗೆ ಇದು ನಡೆಯುತ್ತದೆಯೇ? ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ?

ಸಹಕಾರ ಸಂಘದ ಸದಸ್ಯರಾದ ರೈತ ಕುಟುಂಬಗಳಿಗೆ ಯಶಸ್ವಿನಿ ಯೋಜನೆಯಿದೆ. ನೋಂದಣಿ ವರ್ಷದ ನಿಗದಿತ ಅವಧಿಯಲ್ಲಿ ಮಾತ್ರ, ಸಂಘದಲ್ಲಿ ವಿಚಾರಿಸುತ್ತಿರಿ. ಖಾಸಗಿ ವಿಮೆ ಮಾಡಿಸಲು 65 ವರ್ಷದ ವಯೋಮಿತಿ 2024ರ ಏಪ್ರಿಲ್‌ನಿಂದ ಇಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 3 ವರ್ಷ. ಕಾಯಿಲೆ ಮುಚ್ಚಿಟ್ಟರೆ ಕ್ಲೇಮ್ ತಿರಸ್ಕೃತವಾಗಬಹುದು. ನಿತ್ಯದ ಮಾತ್ರೆಗಳಿಗೆ ಜನೌಷಧಿ ಕೇಂದ್ರಗಳಲ್ಲಿ ಬೆಲೆ ಬಹಳ ಕಡಿಮೆ.

ಎಲ್ಲಿ ತೋರಿಸಬಹುದು

ಹೃದಯಕ್ಕೆ ಜಯದೇವ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿದೆ. ಮರೆವಿನ ಕಾಯಿಲೆಗೆ ನಿಮ್ಹಾನ್ಸ್ ಇದೆ. ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳೂ ಇವೆ. ನಮ್ಮ ಸಮಾಜದವರು ಕಟ್ಟಿದ ಸಂಸ್ಥೆಗಳಲ್ಲಿ ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜು ಆಸ್ಪತ್ರೆ, ಉಡುಪಿ ಮತ್ತು ಹಾಸನದ ಎಸ್‌ಡಿಎಂ ಆಯುರ್ವೇದ ಆಸ್ಪತ್ರೆಗಳು, ಬೆಂಗಳೂರು ವಸಂತನಗರದ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆ ಎಲ್ಲರಿಗೂ ತಿಳಿದಿವೆ. ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ಉಪಶಮನ ಆರೈಕೆ ನೀಡುತ್ತದೆ.

ತುರ್ತಿಗೆ 108, ಆರೋಗ್ಯ ಸಲಹೆಗೆ 104, ಹಿರಿಯ ನಾಗರಿಕರ ಸಹಾಯವಾಣಿ 14567, ಮನೋವ್ಯಥೆಗೆ ಟೆಲಿ-ಮಾನಸ್ 14416.

ಮಕ್ಕಳು ನೋಡಿಕೊಳ್ಳದಿದ್ದರೆ

ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ, 2007ರ ಪ್ರಕಾರ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಪಡೆಯಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳ ಮೇಲೆ ಹಾಕಬಹುದು. ಮಕ್ಕಳ ಹೆಸರಿಗೆ ಮನೆ, ಹೊಲ ಬರೆದುಕೊಡುವವರು ‘ಜೀವಮಾನವಿಡೀ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಬೇಕು. ಷರತ್ತು ಮುರಿದರೆ ಪತ್ರ ರದ್ದು ಮಾಡಿಸಲು ಕಲಂ 23 ಅವಕಾಶ ಕೊಡುತ್ತದೆ. 65 ದಾಟಿದ ಬಡ ಹಿರಿಯರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯಿದೆ, ಅರ್ಜಿ ನಾಡಕಚೇರಿಯಲ್ಲಿ.

ಹಿರಿಯರು ಊಟ ಬಿಟ್ಟಾಗ

ಇದು ನಮ್ಮ ಮನೆಗಳಲ್ಲಿ ಬಹಳ ಸೂಕ್ಷ್ಮ ವಿಷಯ. ಹಿರಿಯರೊಬ್ಬರು ‘ಇನ್ನು ಸಾಕು, ಊಟ ಬೇಡ’ ಎಂದಾಗ ಅದನ್ನು ಸಲ್ಲೇಖನವೆಂದು ತಿಳಿದು ಸುಮ್ಮನಾಗಬಾರದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಪ್ರತೀಕಾರವಿಲ್ಲದ ಸ್ಥಿತಿಗೆ ಬಂದಾಗ ಮಾತ್ರ ಸಲ್ಲೇಖನವನ್ನು ಹೇಳಿದ್ದಾರೆ. ಹಾಗಾಗಿ ಪ್ರತೀಕಾರವಿದೆಯೇ ಎಂದು ನೋಡುವುದು ಮೊದಲ ಕೆಲಸ. ಸಡಿಲವಾದ ಹಲ್ಲಿನ ಸೆಟ್ಟು, ಬಾಯಿ ಹುಣ್ಣು, ಮಲಬದ್ಧತೆ, ಮೂತ್ರದ ಸೋಂಕು, ಮಾತ್ರೆಯ ಅಡ್ಡಪರಿಣಾಮ, ಸಂಗಾತಿ ತೀರಿಕೊಂಡ ನಂತರದ ಖಿನ್ನತೆ – ಇವೆಲ್ಲ ಊಟ ಬಿಡಿಸುತ್ತವೆ, ಇವಕ್ಕೆಲ್ಲ ಚಿಕಿತ್ಸೆ ಇದೆ. ಮರೆವಿನ ಕಾಯಿಲೆಯವರು ನುಂಗುವುದನ್ನೇ ಮರೆಯಬಹುದು. ವ್ರತವು ಎಚ್ಚರದ ಮನಸ್ಸಿನಿಂದ, ಗುರುಗಳ ಅನುಮತಿಯಿಂದ ಆಗಬೇಕು. ಮನೆಯವರಿಗೆ ಹೊರೆಯಾದೆನೆಂಬ ನೋವಿನಿಂದಲ್ಲ.

ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು ಈ ವ್ರತವನ್ನು ಅಪರಾಧವೆಂದಿತ್ತು; ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು.

ವೆಂಟಿಲೇಟರ್‌ನಂಥ ಚಿಕಿತ್ಸೆ ಕೊನೆಗಾಲದಲ್ಲಿ ಬೇಡವೆನ್ನುವವರಿಗೆ ಬೇರೆಯೇ ಕಾನೂನು ದಾರಿಯಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ 2023ರಲ್ಲಿ ಸರಳಗೊಳಿಸಿದ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದರ ಜಾರಿಗೆ ಆದೇಶ ಹೊರಡಿಸಿದೆ. ಇದನ್ನು ಬರೆದವರಿಗೂ ನೋವು ನಿವಾರಣೆ, ಶುಶ್ರೂಷೆ ನಿಲ್ಲುವುದಿಲ್ಲ.

ಒಂದು ಹಾಳೆ ಬರೆದಿಡಿ

ಹಿರಿಯರ ಕಾಯಿಲೆಗಳು, ಮಾತ್ರೆಗಳ ಹೆಸರು ಮತ್ತು ಸಮಯ, ಅಲರ್ಜಿ, ರಕ್ತದ ಗುಂಪು, ಪಾಲಿಸುವ ನಿಯಮಗಳು, ತುರ್ತಿನಲ್ಲಿ ಪ್ರಾಣಿಜನ್ಯ ಔಷಧದ ಬಗ್ಗೆ ಅವರ ತೀರ್ಮಾನ, ವೈದ್ಯರ, ಇಬ್ಬರು ಬಂಧುಗಳ, ಪಕ್ಕದ ಮನೆಯವರ ಫೋನ್ ನಂಬರು, ಕಾರ್ಡು, ವಿಮೆ ಇಟ್ಟ ಜಾಗ. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ದೇವರ ಕೋಣೆಯ ಬಾಗಿಲ ಬಳಿ ಅಂಟಿಸಿ, ಒಂದು ಫೋಟೋ ಮಕ್ಕಳೆಲ್ಲರ ಮೊಬೈಲ್‌ನಲ್ಲಿರಲಿ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ, ಬಸದಿಯಿಂದ ಬಂದು ಎಲ್ಲರೂ ಕೂತ ಹೊತ್ತಿನಲ್ಲಿ, ಅರ್ಧ ಗಂಟೆಯಲ್ಲಿ ಆಗುವ ಕೆಲಸವಿದು.