ಸಾಮಾನ್ಯ ಶಿಕ್ಷಣ ಮತ್ತು ನೆರೆಯವನ ಅರಿವು: ವನದುರ್ಗದ ಸೀಮೆಯಿಂದ ಒಂದು ಅವಲೋಕನ

ವಿದ್ಯಾರ್ಥಿಯು ಆರಿಸಿಕೊಂಡ ಶಾಸ್ತ್ರ ಯಾವುದೇ ಆಗಿರಲಿ, ವಿಶ್ವವಿದ್ಯಾಲಯವು ಎಲ್ಲರಿಗೂ ಕಡ್ಡಾಯವಾಗಿ ಕಲಿಸುವ ವಿಷಯಗಳಿಗೆ ಸಾಮಾನ್ಯ ಶಿಕ್ಷಣವೆಂದು ಹೆಸರು. 2021–22ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿ ಕ್ರಮವನ್ನು ಸರಕಾರವು 2024ರಲ್ಲಿ ಕೈಬಿಟ್ಟು ಮೂರು ವರ್ಷಗಳ ಪದವಿಗೆ ಮರಳಿತು. ವರ್ಷಗಳ ಲೆಕ್ಕವೇನೋ ಇತ್ಯರ್ಥವಾಯಿತು. ಎಲ್ಲರೂ ಕೂಡಿ ಕಲಿಯಬೇಕಾದುದು ಏನು ಎಂಬ ಪ್ರಶ್ನೆ ಉಳಿದೇ ಇದೆ. ಅದನ್ನು ಶಹಾಪುರ ತಾಲೂಕಿನ ವನದುರ್ಗದ ಸೀಮೆಯಲ್ಲಿ ನಿಂತು ಪರಿಶೀಲಿಸಬಯಸುತ್ತೇವೆ.

ವನದುರ್ಗವು ಸುರಪುರದ ನಾಯಕರ ಕೋಟೆಯುಳ್ಳ ಊರು. 1858ರ ಬಂಡಾಯದ ತರುವಾಯ ನಾಯಕರ ಆಳ್ವಿಕೆ ಕೊನೆಗೊಂಡು, 1860ರಲ್ಲಿ ಸುರಪುರವು ನಿಜಾಮರಿಗೆ ಸೇರಿತು. ಹೀಗಾಗಿ ಈ ಸೀಮೆಯ ಪಾಲಿಗೆ ಒದಗಿದ ಮೊದಲ ವಿಶ್ವವಿದ್ಯಾಲಯ ಹೈದರಾಬಾದಿನ ಉಸ್ಮಾನಿಯಾ. 1918ರಲ್ಲಿ ಸ್ಥಾಪಿತವಾದ ಅದು ಉನ್ನತ ವಿದ್ಯೆಯನ್ನು ಉರ್ದುವಿನಲ್ಲಿ ಬೋಧಿಸಿತು. ಅದಕ್ಕಾಗಿ ಅನುವಾದ ವಿಭಾಗವೊಂದನ್ನೇ ಕಟ್ಟಿತು. ವಿಜ್ಞಾನ, ವೈದ್ಯಗಳನ್ನು ದೇಶಭಾಷೆಯಲ್ಲಿ ಕಲಿಸಬಹುದೆಂದು ತೋರಿಸಿಕೊಟ್ಟ ಆ ಸಾಹಸಕ್ಕೆ ಗೌರವ ಸಲ್ಲಬೇಕು. ಆದರೆ ಕೃಷ್ಣಾ-ಭೀಮೆಯರ ನಡುವಿನ ಕನ್ನಡದ ಹುಡುಗನಿಗೆ ಆ ದೇಶಭಾಷೆಯೂ ಪರಭಾಷೆಯೇ ಆಗಿತ್ತು.

ಅಲ್ಲಿನ ಕಡ್ಡಾಯ ಪಾಠಗಳಲ್ಲಿ ದೇವಜ್ಞಾನದ ವಿದ್ಯಾರ್ಥಿಗಳಾದ ನಾವು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಮುಸ್ಲಿಂ ವಿದ್ಯಾರ್ಥಿಗಳಿಗೆ ‘ದೀನಿಯಾತ್’ ಎಂಬ ಧರ್ಮಶಾಸ್ತ್ರ. ಉಳಿದವರಿಗೆ ಅದರ ಬದಲು ನೀತಿಶಾಸ್ತ್ರ. ಒಬ್ಬರ ನಂಬಿಕೆಯನ್ನು ಮತ್ತೊಬ್ಬರ ಮೇಲೆ ಹೇರಬಾರದೆಂಬ ಸೌಜನ್ಯ ಈ ಏರ್ಪಾಡಿನಲ್ಲಿತ್ತು ಎನ್ನಬಹುದು. ಆದರೂ ಗಣಿತಕ್ಕೆ ಒಟ್ಟಾಗಿ ಕೂತವರು ಒಳಿತು-ಕೆಡುಕಿನ ಪಾಠಕ್ಕೆ ಬೇರೆಬೇರೆ ಕೋಣೆಗಳಿಗೆ ಎದ್ದುಹೋಗುವಂತಾಯಿತು. ಇದೇ ಸುರಪುರ ಸೀಮೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ನೆರೆಯುತ್ತಾರೆ. ಅಕ್ಷರ ಬಾರದ ಜನ ಜಾತ್ರೆಯಲ್ಲಿ ಸಾಧಿಸಿದ್ದನ್ನು ವಿದ್ಯಾಪೀಠವು ತರಗತಿಯಲ್ಲಿ ಸಾಧಿಸಲಿಲ್ಲ.

ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು 1949ರಲ್ಲಿ ಬೇರೊಂದು ದಾರಿಯನ್ನು ಸೂಚಿಸಿತು. ಸಾಮಾನ್ಯ ಶಿಕ್ಷಣವನ್ನು ತಡಮಾಡದೆ ಆರಂಭಿಸಬೇಕೆಂದಿತಲ್ಲದೆ, ಪದವಿಯ ಮೊದಲ ವರ್ಷ ಬುದ್ಧ, ಯೇಸು, ಮಹಮ್ಮದ್ ಮೊದಲಾದ ಧರ್ಮಗುರುಗಳ ಜೀವನಚರಿತ್ರೆ, ಎರಡನೆಯ ವರ್ಷ ವಿವಿಧ ಧರ್ಮಗ್ರಂಥಗಳ ಆಯ್ದ ಭಾಗಗಳು, ಮೂರನೆಯ ವರ್ಷ ಧರ್ಮದ ತಾತ್ವಿಕ ಸಮಸ್ಯೆಗಳು, ಹೀಗೆ ಒಂದು ಕ್ರಮವನ್ನೇ ಮುಂದಿಟ್ಟಿತು. ಇಲ್ಲಿ ಯೇಸುವೂ ಅನೇಕರಲ್ಲಿ ಒಬ್ಬನಾಗಿ ಕಾಣುತ್ತಾನೆಂದು ನಮ್ಮಲ್ಲಿ ಕೆಲವರು ಅಳುಕಬಹುದು. ಆ ಅಳುಕು ನಿರಾಧಾರವೇನಲ್ಲ. ಆದರೆ ತರಗತಿಯ ಪಾಠ ಸಭೆಯ ಸಾಕ್ಷಿಗೆ ಬದಲಿಯಲ್ಲ. ಸಾಕ್ಷಿಯನ್ನು ಕೇಳುವವನಿಗೂ ಹೇಳುವವನಿಗೂ ಪರಸ್ಪರ ಪರಿಚಯ ಮಾಡಿಕೊಡುವ ಅಂಗಳವಷ್ಟೇ. ಆಯೋಗದ ಈ ಸಲಹೆ ನಮ್ಮ ಕಾಲೇಜುಗಳಲ್ಲಿ ಬೇರೂರಲಿಲ್ಲ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಈ ಭಾಗಕ್ಕೆ ವಿದ್ಯೆಯ ಬಾಗಿಲು ಹತ್ತಿರವಾಯಿತು. ನೆರೆಯವನ ನಂಬಿಕೆಯನ್ನು ಕೂಡಿ ಅರಿಯುವ ಪಾಠ ಮಾತ್ರ ದೂರವೇ ಉಳಿಯಿತು.

ಅನ್ಯರ ಪಠ್ಯಕ್ರಮವನ್ನು ತೂಗಿದ ತಕ್ಕಡಿಯಲ್ಲಿ ನಮ್ಮದನ್ನೂ ತೂಗುವುದು ನ್ಯಾಯ. 1817ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದ ವಿಲಿಯಂ ಕೇರಿ, ಮರುವರ್ಷ ತನ್ನ ಸಂಗಡಿಗರೊಂದಿಗೆ ಸೆರಾಂಪುರ ಕಾಲೇಜನ್ನು ತೆರೆದಾಗ ಅದು ಕ್ರೈಸ್ತರಿಗಷ್ಟೇ ಮೀಸಲಾಗಿರಲಿಲ್ಲ. ಪೌರಸ್ತ್ಯ ಸಾಹಿತ್ಯವೂ ಪಾಶ್ಚಾತ್ಯ ವಿಜ್ಞಾನವೂ ಅಲ್ಲಿ ಜೊತೆಗೂಡಬೇಕೆಂಬುದು ಸ್ಥಾಪಕರ ಆಶಯವಾಗಿತ್ತು. ಆ ಪರಂಪರೆಯ ವಾರಸುದಾರರಾದ ನಾವು ಶಹಾಪುರ, ಸುರಪುರಗಳ ಕಡೆಗೆ ಸಭಾಪಾಲಕನೊಬ್ಬನನ್ನು ಕಳುಹಿಸುವಾಗ, ಅವನಿಗೆ ಶರಣರ ವಚನ, ಮೌನೇಶ್ವರನ ಪರಂಪರೆ, ದಖನಿ ಉರ್ದು ಇವುಗಳ ಅಲ್ಪ ಪರಿಚಯವನ್ನಾದರೂ ಮಾಡಿಕೊಟ್ಟಿರುತ್ತೇವೆಯೇ? ಪಂಚಾಶತ್ತಮ ದಿನದಂದು ಪ್ರತಿಯೊಬ್ಬನೂ ದೇವರ ಮಹತ್ಕಾರ್ಯಗಳನ್ನು ತನ್ನತನ್ನ ಭಾಷೆಯಲ್ಲಿ ಕೇಳಿದನು. ಆ ವರ ಪವಿತ್ರಾತ್ಮನದು; ನೆರೆಯವನ ಭಾಷೆಯನ್ನು ಕಲಿಯುವ ಶ್ರಮ ನಮ್ಮದು.