ಮಣ್ಣು ಎಷ್ಟು ನೀರು ಕುಡಿಯುತ್ತದೆ?

ಮುಂಬಯಿಯ ಹಳೇ ಬಿಲ್ಡಿಂಗುಗಳು ಒಂದೊಂದಾಗಿ ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ. ಹೊಸ ಮನೆ ಸಿಕ್ಕವರೂ, ಹಳೇ ನೆಲ ಕಿತ್ತು ಹಾಕಿಸುವವರೂ ಕೇಳುವ ಪ್ರಶ್ನೆ ಒಂದೇ: ಸಿರಾಮಿಕ್ ಟೈಲ್ಸೋ, ಪೋರ್ಸಲೀನ್ ಟೈಲ್ಸೋ? ಅಂಗಡಿಯವನು ರೇಟು ಹೇಳುತ್ತಾನೆ, ವ್ಯತ್ಯಾಸ ಹೇಳುವುದಿಲ್ಲ. ಅದನ್ನು ತಿಳಿಯಲು ಸ್ವಲ್ಪ ಇತಿಹಾಸ ನೋಡಬೇಕು.

ಸಿರಾಮಿಕ್ ಎಂಬುದು ಕುಂಬಾರನ ಮಣ್ಣು ಎಂಬರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಅಂದರೆ ಸುಟ್ಟ ಮಣ್ಣೆಲ್ಲ ಸಿರಾಮಿಕ್ಕೇ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ತೆರೆದ ಕಾರ್ಖಾನೆಯ ಹೆಂಚೂ ಇದೇ ಕುಲದ್ದು. ನಾವು ಪಿಂಗಾಣಿ ಅನ್ನುವ ಪೋರ್ಸಲೀನ್ ಈ ಕುಲದ ಒಂದು ಕವಲು, ಅಷ್ಟೇ.

ಆ ಕವಲು ಒಡೆದದ್ದು ಚೀನಾದಲ್ಲಿ. ಜಿಂಗ್‌ಡೆಜೆನ್ ಊರಿನ ಕುಂಬಾರರು ಬಿಳಿ ಜೇಡಿಗೆ ಒಂದು ಬಗೆಯ ಕಲ್ಲಿನ ಪುಡಿ ಬೆರೆಸಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರು. ಕಲ್ಲಿನ ಪುಡಿ ಕರಗಿ ಗಾಜಿನಂತಾಗಿ ಮಣ್ಣಿನೊಳಗಿನ ಸಂದುಗಳನ್ನು ಮುಚ್ಚಿತು. ನೀರು ಒಳಹೋಗಲು ದಾರಿಯೇ ಉಳಿಯಲಿಲ್ಲ. ಯೂರೋಪಿನವರಿಗೆ ಈ ಗುಟ್ಟು ಶತಮಾನಗಳ ಕಾಲ ಸಿಗಲಿಲ್ಲ. ಕೊನೆಗೆ ಸ್ಯಾಕ್ಸನಿಯ ದೊರೆ ಅಗಸ್ಟಸ್, ಚಿನ್ನ ಮಾಡಿಕೊಡು ಎಂದು ಬಟ್ಗರ್ ಎಂಬ ರಸವಾದಿಯನ್ನು ಸೆರೆಯಲ್ಲಿಟ್ಟಿದ್ದ. ವಿಜ್ಞಾನಿ ಚಿರ್ನ್‌ಹೌಸ್ ಜೊತೆ ಸೇರಿ ಅವನು 1708ರ ಹೊತ್ತಿಗೆ ಕಂಡುಕೊಂಡದ್ದು ಚಿನ್ನವನ್ನಲ್ಲ, ಪಿಂಗಾಣಿಯನ್ನು! 1710ರಲ್ಲಿ ಮೈಸೆನ್ ಕಾರ್ಖಾನೆ ಶುರುವಾಯಿತು.

ಆದರೆ ಅದು ತಟ್ಟೆ-ಬಟ್ಟಲಿನ ಕಥೆ. ನೆಲದ ಕಥೆಗೆ ತಿರುವು ಬಂದದ್ದು 1840ರಲ್ಲಿ, ಇಂಗ್ಲೆಂಡಿನ ರಿಚರ್ಡ್ ಪ್ರಾಸರ್ ಒಣ ಮಣ್ಣಿನ ಪುಡಿಯನ್ನು ಅಚ್ಚಿನಲ್ಲಿ ಒತ್ತುವ ವಿಧಾನಕ್ಕೆ ಪೇಟೆಂಟ್ ಪಡೆದಾಗ. ಇಂದಿನ ಹೆಚ್ಚಿನ ಟೈಲ್ಸ್ ತಯಾರಾಗುವುದೂ ಹಾಗೆ ಪುಡಿ ಒತ್ತಿಯೇ. ಬಿಳಿಯರ ಚರ್ಚು, ಕಚೇರಿಗಳಿಗಾಗಿ ಅಂಥ ಟೈಲ್ಸ್ ಇಂಗ್ಲೆಂಡಿನಿಂದ ಮುಂಬಯಿಗೆ ಹಡಗಿನಲ್ಲಿ ಬಂದವು. ಅವಕ್ಕೆ ಸ್ವದೇಶಿ ಉತ್ತರವಾಗಿ 1922ರಲ್ಲಿ ಭಾರತ್ ಟೈಲ್ಸ್ ಹುಟ್ಟಿತು. ಅದರದ್ದು ಸುಟ್ಟ ಮಣ್ಣಲ್ಲ, ಬಣ್ಣದ ಸಿಮೆಂಟು.

ಜನಸಾಮಾನ್ಯರ ಮನೆಯಲ್ಲಿ? ಅಲ್ಲಿ ನಮ್ಮ ಕಲಬುರಗಿ ಸೀಮೆಯ ಕಲ್ಲಿತ್ತು. 1871ರಲ್ಲಿ ಮುಂಬಯಿಯ ರೈಲು ದಾರಿ ರಾಯಚೂರು ಮುಟ್ಟಿತು. ಶಹಾಬಾದ್ ಆ ದಾರಿಯಲ್ಲೇ ಇದೆ. ಮರಾಠಿಯವರು ‘ಶಹಾಬಾದಿ ಫರಶಿ’ ಅನ್ನುವಾಗ ಅದು ಕನ್ನಡ ನೆಲದ ಕಲ್ಲು ಎಂದು ನಮ್ಮಲ್ಲೇ ಎಷ್ಟು ಜನರಿಗೆ ಗೊತ್ತು?

ಆಮೇಲೆ ಗ್ಲೇಜ್ ಹಚ್ಚಿದ ಸಿರಾಮಿಕ್ ಬಂತು, ಕಳೆದ ಶತಮಾನದ ಕೊನೆಗೆ ವಿಟ್ರಿಫೈಡ್. ಈಗ ಗುಜರಾತಿನ ಮೋರ್ಬಿಯಿಂದ ದೇಶಕ್ಕೆಲ್ಲ ಲಾರಿಗಳು ಹೋಗುತ್ತವೆ. ‘ವಿಟ್ರಿಫೈಡ್’ ಅಂದರೆ ಗಾಜಾದದ್ದು. ನಮ್ಮ ಅಂಗಡಿಗಳಲ್ಲಿ ಪೋರ್ಸಲೀನ್ ಟೈಲ್ಸ್ ಹೆಚ್ಚಾಗಿ ಈ ಹೆಸರಿನಲ್ಲೇ ಸಿಗುತ್ತದೆ.

ಹೀಗಾಗಿ ಇಡೀ ವ್ಯತ್ಯಾಸ ಅದೇ ಹಳೇ ಚೀನೀ ಗುಟ್ಟು: ಎಷ್ಟು ನೀರು ಕುಡಿಯುತ್ತದೆ? ಐಎಸ್‌ಒ 13006ರ ಪ್ರಕಾರ ಪೋರ್ಸಲೀನ್ ವರ್ಗದ ಟೈಲ್ಸ್ ತನ್ನ ತೂಕದ ನೂರಕ್ಕೆ 0.5ಕ್ಕಿಂತ ಹೆಚ್ಚು ನೀರು ಹೀರಬಾರದು. ಗೋಡೆಯ ಸಿರಾಮಿಕ್ ನೂರಕ್ಕೆ 10ಕ್ಕಿಂತಲೂ ಹೆಚ್ಚು ಹೀರಬಹುದು. ಅಂಗಡಿಯಲ್ಲಿ ಟೈಲ್ಸ್ ಮಗುಚಿ, ಬೆನ್ನಿಗೆ ನಾಲ್ಕು ಹನಿ ನೀರು ಬಿಡಿ. ತಕ್ಷಣ ಇಂಗಿದರೆ ಅದು ಗೋಡೆಗೆ ಸಾಕು. ಗೋಡೆಗೂ ಪೋರ್ಸಲೀನ್ ಹಾಕಿಸಿ ದುಡ್ಡು ಸುರಿಯಬೇಕಿಲ್ಲ. ಓಡಾಟದ ನೆಲಕ್ಕೆ, ಮಳೆ ಹೊಡೆಯುವ ಬಾಲ್ಕನಿಗೆ ಪೋರ್ಸಲೀನ್ ಇರಲಿ.

ಎರಡು ಎಚ್ಚರಿಕೆ. ನೀರು ಹೀರದ ಟೈಲ್ಸ್ ಬರೀ ಸಿಮೆಂಟ್ ಹಾಲನ್ನೂ ಸರಿಯಾಗಿ ಹಿಡಿಯದು. ಕೆಲವು ವರ್ಷದಲ್ಲಿ ಪೊಳ್ಳು ಸದ್ದು ಬಂದು ಮೇಲೇಳಬಹುದು. ಅದಕ್ಕೆಂದೇ ಇರುವ ಅಂಟನ್ನು ಬಳಸಲು ಮೇಸ್ತ್ರಿಗೆ ಮೊದಲೇ ಹೇಳಿ. ಇನ್ನೊಂದು, ನೀರು ಹೀರುವುದಿಲ್ಲ ಅಂದರೆ ಜಾರುವುದಿಲ್ಲ ಅಂತಲ್ಲ. ಊರಿಂದ ಬಂದ ಅಪ್ಪ-ಅಮ್ಮ ಶಹಾಬಾದಿ ಕಲ್ಲಿನ ಮೇಲೆ ನಡೆದವರು, ಕನ್ನಡಿಯಂಥ ನೆಲದ ಮೇಲಲ್ಲ. ಬಚ್ಚಲಿಗೆ ಹೊಳಪು ಬೇಡ, ಒರಟೇ ಇರಲಿ. ಮುರಿದ ಸೊಂಟದ ಮುಂದೆ ಯಾವ ಟೈಲ್ಸೂ ಅಗ್ಗವಲ್ಲ, ಅಲ್ಲವೇ?